ಆಲ್ಪ್ಸ್ ದಾಟಲು ಯಾವ ದಾರಿ? ಮ್ಯೂನಿಕ್‌ನಿಂದ ಇಟಲಿಗೆ ಕಾರಿನಲ್ಲಿ ಹೊರಡುವವರಿಗೆ

ಪ್ರತಿ ವರ್ಷ ಫೆಬ್ರುವರಿ ಬಂತೆಂದರೆ ಊರಿನಿಂದ ಫೋನ್ ಶುರುವಾಗುತ್ತದೆ. "ಮಕ್ಕಳ ಬೇಸಿಗೆ ರಜೆಗೆ ಬರ್ತಿದ್ದೀವಿ. ಮ್ಯೂನಿಕ್‌ನಲ್ಲಿ ಕಾರು ತಗೊಂಡು ವೆನಿಸ್‌ಗೆ ಹೋಗೋದು ಅಂತ. ಮ್ಯಾಪ್‌ನಲ್ಲಿ ಆರು ಗಂಟೆ ತೋರಿಸ್ತಿದೆ. ಆಲ್ಪ್ಸ್ ಎಲ್ಲಾ ದಾರಿಯಲ್ಲೇ ಸಿಗುತ್ತೆ ಅಲ್ವಾ?"

ನಾನು ಮ್ಯೂನಿಕ್‌ನಲ್ಲಿದ್ದೇನೆ. ಅಪ್ಪ ಅಮ್ಮನನ್ನು, ಅತ್ತೆ ಮಾವನನ್ನು, ಸ್ನೇಹಿತರ ಮನೆಯವರನ್ನು ಕೂರಿಸಿಕೊಂಡು ಈ ಬೆಟ್ಟಗಳನ್ನು ಬೇರೆ ಬೇರೆ ಕಡೆಯಿಂದ ದಾಟಿದ್ದೇನೆ. ಫೋನ್‌ನಲ್ಲಿ ಒಬ್ಬೊಬ್ಬರಿಗೂ ಹೇಳುತ್ತಾ ಬಂದದ್ದನ್ನು ಇಲ್ಲಿ ಒಂದೇ ಕಡೆ ಬರೆದಿದ್ದೇನೆ. ಮ್ಯೂನಿಕ್‌ನಿಂದ ಇಟಲಿಗೆ ಇಳಿಯುವ ದಾರಿಗಳೇ ಇಲ್ಲಿ ಮುಖ್ಯ. ಸ್ವಿಟ್ಜರ್ಲೆಂಡ್ ಮೇಲೆ ಹೋಗುವವರಿಗೂ ಸ್ವಲ್ಪ ಇದೆ.

ಅಲ್ಲಿ ಬೆಟ್ಟದ ಸಾಲನ್ನು ದಾಟುವ ಜಾಗಕ್ಕೆ ಪಾಸ್ ಅನ್ನುತ್ತಾರೆ. ನಾನು ಘಾಟಿ ಅಂತಲೇ ಬರೆಯುತ್ತೇನೆ, ನಮಗೆ ಅದೇ ಬೇಗ ಕಣ್ಣಿಗೆ ಕಟ್ಟುತ್ತದೆ.

ಮೊದಲು: ದಾಟುವ ದಿನವೋ, ನೋಡುವ ದಿನವೋ?

ಮ್ಯಾಪ್ ತೆರೆಯುವ ಮೊದಲು ಇದನ್ನು ಮನೆಯವರೆಲ್ಲ ಕೂತು ತೀರ್ಮಾನ ಮಾಡಿ. ಆ ದಿನ ಸಂಜೆಯೊಳಗೆ ವೆನಿಸ್ ಸೇರಲೇಬೇಕು, ಹೋಟೆಲ್ ಬುಕ್ ಆಗಿದೆ ಅಂದರೆ ಅದು ದಾಟುವ ದಿನ. ಹೆದ್ದಾರಿ ಹಿಡಿಯಿರಿ, ಸುರಂಗ ಸಿಕ್ಕರೆ ಸುರಂಗದಲ್ಲಿ ಹೋಗಿ. ಬೆಟ್ಟವನ್ನೇ ನೋಡಬೇಕು ಅಂದರೆ ಅದು ನೋಡುವ ದಿನ. ಆ ದಿನ ಒಂದೇ ಒಂದು ಎತ್ತರದ ಘಾಟಿ ಇಟ್ಟುಕೊಳ್ಳಿ. ಘಾಟಿಯ ಆ ಕಡೆಯ ಬುಡದಲ್ಲಿರುವ ಊರಿನಲ್ಲೇ ರಾತ್ರಿ ಉಳಿಯಿರಿ.

ಎರಡನ್ನೂ ಒಂದೇ ದಿನಕ್ಕೆ ಸೇರಿಸಿದವರೇ ಕಷ್ಟಪಟ್ಟಿದ್ದಾರೆ. ಬೆಳಗ್ಗೆ ಮ್ಯೂನಿಕ್ ಬಿಟ್ಟು, ಮಧ್ಯಾಹ್ನ ಇಟಲಿಯ ಸ್ಟೆಲ್ವಿಯೋ ಘಾಟಿ ಹತ್ತಿ, ರಾತ್ರಿ ಮಿಲಾನ್ ಸೇರುತ್ತೇವೆ ಅಂದುಕೊಂಡರೆ ಮೇಲೆ ಹತ್ತು ನಿಮಿಷ ನಿಲ್ಲುವುದಕ್ಕೂ ಆತುರ. ಇಳಿಯುವಾಗ ಕತ್ತಲು. ಹಿಂದಿನ ಸೀಟಿನಲ್ಲಿ ಎಲ್ಲರಿಗೂ ವಾಕರಿಕೆ. ಗಾಡಿ ಓಡಿಸುವವರಂತೂ ರಸ್ತೆ ಬಿಟ್ಟು ಬೇರೇನೂ ನೋಡಿರುವುದಿಲ್ಲ.

ಕ್ಯಾಲೆಂಡರ್ ಮತ್ತು ನಮ್ಮ ರಜೆ

ಕರ್ನಾಟಕದಿಂದ ಬರುವವರಿಗೆ ಒಂದು ತೊಂದರೆ ಇದೆ. ನಮ್ಮ ಶಾಲೆಗಳಿಗೆ ರಜೆ ಏಪ್ರಿಲ್ ಮತ್ತು ಮೇ. ಆಲ್ಪ್ಸ್‌ನ ಎತ್ತರದ ಘಾಟಿಗಳು ಆಗ ಹಿಮದ ಅಡಿಯಲ್ಲಿರುತ್ತವೆ. ನಮ್ಮ ಮಕ್ಕಳು ವಾಪಸ್ ಶಾಲೆಗೆ ಹೋಗುವ ಹೊತ್ತಿಗೆ ಅಲ್ಲಿನ ಹೆಚ್ಚಿನ ರಸ್ತೆಗಳು ಒಂದೊಂದಾಗಿ ತೆರೆಯಲು ಶುರು ಮಾಡುತ್ತವೆ.

ಸಾಮಾನ್ಯವಾಗಿ ಹೀಗಿರುತ್ತದೆ. ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆ ಮೇ ಮೊದಲ ವಾರಗಳಲ್ಲಿ ತೆರೆದು ನವೆಂಬರ್ ಶುರುವಿನವರೆಗೆ ಇರುತ್ತದೆ. ಸ್ಟೆಲ್ವಿಯೋ ಮೇ ಕೊನೆ ಅಥವಾ ಜೂನ್‌ನಲ್ಲಿ ತೆರೆಯುತ್ತದೆ. ಟಿಮ್ಮೆಲ್ಸ್‌ಯೋಖ್ ಮತ್ತು ಸ್ವಿಟ್ಜರ್ಲೆಂಡ್‌ನ ಫುರ್ಕಾ, ಸುಸ್ಟೆನ್, ಗ್ರಿಮ್ಸೆಲ್ ಘಾಟಿಗಳು ಜೂನ್. ಅಕ್ಟೋಬರ್ ಕೊನೆಗೆ ಬಹುತೇಕ ಎಲ್ಲದಕ್ಕೂ ಬೀಗ. ಆ ವರ್ಷ ಬಿದ್ದ ಹಿಮದ ಮೇಲೆ ಈ ದಿನಗಳು ವಾರಗಟ್ಟಲೆ ಹಿಂದೆ ಮುಂದೆ ಆಗುತ್ತವೆ. ಜುಲೈನಲ್ಲೂ ಒಂದು ರಾತ್ರಿ ಹಿಮ ಬಿದ್ದು ಅರ್ಧ ದಿನ ಮುಚ್ಚಿದ್ದುಂಟು.

ಹಾಗಾದರೆ ಏಪ್ರಿಲ್–ಮೇನಲ್ಲಿ ಬರುವವರು ಏನು ಮಾಡಬೇಕು? ಬೇಸರ ಬೇಡ. ವರ್ಷವಿಡೀ ತೆರೆದಿರುವ ಒಳ್ಳೆಯ ದಾರಿಗಳಿವೆ. ಬ್ರೆನ್ನರ್, ಫರ್ನ್‌ಪಾಸ್ ಮತ್ತು ರೆಶೆನ್, ಫೆಲ್ಬರ್‌ಟೌವರ್ನ್ ಸುರಂಗ, ಸ್ವಿಟ್ಜರ್ಲೆಂಡ್‌ನಲ್ಲಿ ಯೂಲಿಯರ್, ಮಲೋಯ ಮತ್ತು ಬೆರ್ನಿನಾ. ಇವುಗಳಲ್ಲಿ ಬೆರ್ನಿನಾ 2,328 ಮೀಟರ್ ಎತ್ತರ, ಯೂಲಿಯರ್ 2,284 ಮೀಟರ್. ಇಟಲಿಯ ಡೊಲೊಮೈಟ್ಸ್‌ನಲ್ಲಿ ಗಾರ್ಡೇನಾ, ಪೊರ್ಡೊಯಿ ಘಾಟಿಗಳನ್ನೂ ಚಳಿಗಾಲದಲ್ಲಿ ಹಿಮ ತೆಗೆದು ತೆರೆದಿಡುತ್ತಾರೆ. ಜೋರು ಹಿಮ ಬಿದ್ದಾಗ ಮಾತ್ರ ಸ್ವಲ್ಪ ಹೊತ್ತು ಮುಚ್ಚುತ್ತಾರೆ. ಹಿಮದ ಬೆಟ್ಟ ನೋಡಬೇಕೆಂಬ ಆಸೆಗೆ ಮೇ ತಿಂಗಳೇ ಚೆಂದ, ಯಾಕೆಂದರೆ ಆಗಸ್ಟ್‌ನಲ್ಲಿ ಆ ಬಿಳಿ ಅಷ್ಟಿರುವುದಿಲ್ಲ. ದಸರಾ ರಜೆಗೆ ಬರುವವರಿಗೆ ಎತ್ತರದ ಘಾಟಿಗಳು ಸಿಗುವ ಸಾಧ್ಯತೆ ಚೆನ್ನಾಗಿದೆ. ಆದರೆ ಹಗಲು ಚಿಕ್ಕದು, ಬೆಳಗ್ಗೆ ನೆರಳಿನ ಕಡೆ ರಸ್ತೆಯ ಮೇಲೆ ಮಂಜುಗಡ್ಡೆ ಇರುತ್ತದೆ.

ಮ್ಯಾಪ್ ಬಗ್ಗೆ ಒಂದು ಎಚ್ಚರಿಕೆ. ಫೆಬ್ರುವರಿಯಲ್ಲಿ ಕೂತು ಜುಲೈ ಪ್ರವಾಸಕ್ಕೆ ದಾರಿ ಹಾಕಿದರೆ ಫೋನಿನ ಮ್ಯಾಪ್ ಮುಚ್ಚಿದ ಘಾಟಿಯನ್ನು ಬಿಟ್ಟು ಸುತ್ತುದಾರಿ ತೋರಿಸುತ್ತದೆ. "ಆ ರಸ್ತೆಯೇ ಇಲ್ವಂತೆ" ಅಂದುಕೊಂಡು ಕೈಬಿಡಬೇಡಿ. ಘಾಟಿಯ ಎರಡೂ ಬುಡದ ಊರುಗಳನ್ನು ಬೇರೆ ಬೇರೆಯಾಗಿ ಹಾಕಿ ದೂರ ಅಳೆದುಕೊಳ್ಳಿ.

ವಾರದ ದಿನವೂ ಮುಖ್ಯ. ಅಲ್ಲಿ ರಜಾ ಮನೆಗಳನ್ನು ಶನಿವಾರದಿಂದ ಶನಿವಾರಕ್ಕೆ ಬಾಡಿಗೆ ಕೊಡುವ ರೂಢಿ ಇದೆ. ಹಾಗಾಗಿ ಜುಲೈ, ಆಗಸ್ಟ್‌ನ ಶನಿವಾರಗಳಲ್ಲಿ ಅರ್ಧ ಜರ್ಮನಿ ದಕ್ಷಿಣಕ್ಕೆ ಹೊರಟಿರುತ್ತದೆ, ಇನ್ನರ್ಧ ವಾಪಸ್ ಬರುತ್ತಿರುತ್ತದೆ. ಆಗಸ್ಟ್ 15 ಇಟಲಿಯಲ್ಲಿ ದೊಡ್ಡ ಹಬ್ಬ, ಅದರ ಆಸುಪಾಸು ಇಡೀ ದೇಶವೇ ರಸ್ತೆಯಲ್ಲಿರುತ್ತದೆ. ಭಾನುವಾರ ಎತ್ತರದ ಘಾಟಿಗಳಲ್ಲಿ ಬೈಕಿನವರು, ಸೈಕಲ್ಲಿನವರು ಜಾಸ್ತಿ. ದಾಟುವುದಕ್ಕೂ ನೋಡುವುದಕ್ಕೂ ಮಂಗಳವಾರ, ಬುಧವಾರ ಅತ್ಯುತ್ತಮ.

ಈಗ ದಾರಿಗಳು

*ಬ್ರೆನ್ನರ್.* ಮ್ಯೂನಿಕ್‌ನಿಂದ ಇನ್ಸ್‌ಬ್ರುಕ್, ಬ್ರೆನ್ನರ್, ಬೊಲ್ಜಾನೊ, ವೆರೋನಾ. ಕೇವಲ 1,370 ಮೀಟರ್ ಎತ್ತರ. ಪೂರ್ತಿ ಹೆದ್ದಾರಿ. ದಾಟುವ ದಿನಕ್ಕೆ ಇದೇ ಸರಿ. ಇನ್ಸ್‌ಬ್ರುಕ್ ದಾಟಿದ ಮೇಲೆ ಬರುವ ಯುರೋಪಾಬ್ರುಕ್ ಸೇತುವೆ 1963ರಲ್ಲಿ ತೆರೆದದ್ದು, ಕಣಿವೆಯಿಂದ 190 ಮೀಟರ್ ಮೇಲಿದೆ. ಕಾರಿನೊಳಗಿನಿಂದ ಮಾತ್ರ ಅದರ ಎತ್ತರ ಗೊತ್ತೇ ಆಗುವುದಿಲ್ಲ.

ಲಾರಿಗಳು ಇಲ್ಲಿ ಬಹಳ. ಜೊತೆಗೆ ಗಡಿಯ ಹತ್ತಿರದ ಲುಯೆಗ್ ಸೇತುವೆ ಹಳೆಯದಾಗಿ ಹೊಸದನ್ನು ಕಟ್ಟುತ್ತಿದ್ದಾರೆ. 2025ರ ಶುರುವಿನಿಂದ ಅಲ್ಲಿ ಹೆಚ್ಚಿನ ದಿನ ಒಂದೊಂದು ದಿಕ್ಕಿಗೆ ಒಂದೇ ಲೇನ್, ತುಂಬಾ ವಾಹನ ಬರುವ ದಿನಗಳಲ್ಲಿ ಎರಡು. ಟ್ರಾಫಿಕ್ ನಿಂತಾಗ ಫೋನು ಪಕ್ಕದ ಹಳ್ಳಿ ರಸ್ತೆ ತೋರಿಸಬಹುದು. ಅದನ್ನು ನಂಬಿ ಇಳಿಯಬೇಡಿ. ಆಸ್ಟ್ರಿಯಾದ ಟಿರೋಲ್ ರಾಜ್ಯದ ಸರ್ಕಾರ ಬೇಸಿಗೆ ಮತ್ತು ಚಳಿಗಾಲದ ವಾರಾಂತ್ಯಗಳಲ್ಲಿ ಹಾದುಹೋಗುವ ವಾಹನಗಳು ಹೆದ್ದಾರಿ ಬಿಟ್ಟು ಹಳ್ಳಿಗಳಿಗೆ ನುಗ್ಗುವುದನ್ನು ನಿಷೇಧಿಸಿದೆ. ಪೊಲೀಸರು ಹೆದ್ದಾರಿಯಿಂದ ಇಳಿಯುವ ಜಾಗದಲ್ಲೇ ನಿಂತು ವಾಪಸ್ ಕಳಿಸುತ್ತಾರೆ, ದಂಡವೂ ಬೀಳಬಹುದು. ಆ ಹಳ್ಳಿಯವರ ಜಾಗದಲ್ಲಿ ನಿಂತು ನೋಡಿದರೆ ಈ ನಿಯಮ ಸರಿ ಅಂತಲೇ ನನಗೆ ಅನ್ನಿಸುತ್ತದೆ. ಮನೆ ಬಾಗಿಲಲ್ಲಿ ದಿನವಿಡೀ ಕಾರಿನ ಸಾಲು ನಿಂತರೆ ಯಾರು ತಾನೇ ಸಹಿಸುತ್ತಾರೆ?

*ಫರ್ನ್‌ಪಾಸ್–ರೆಶೆನ್.* ಮೊದಲ ಸಲ ಬರುವವರಿಗೆ, ಅದರಲ್ಲೂ ವಯಸ್ಸಾದವರು ಜೊತೆಗಿದ್ದರೆ, ನಾನು ಹೇಳುವುದು ಈ ದಾರಿಯನ್ನೇ. ಗಾರ್ಮಿಶ್ ಮೇಲೆ ಫರ್ನ್‌ಪಾಸ್ ದಾಟಿ, ಲಾಂಡೆಕ್, ನೌಡರ್ಸ್, ರೆಶೆನ್, ಮೆರಾನೊ, ಬೊಲ್ಜಾನೊ. ಅತಿ ಎತ್ತರದ ಜಾಗ ಸುಮಾರು 1,500 ಮೀಟರ್. ತಿರುವು ಕಡಿಮೆ, ಕಣಿವೆಗಳು ಅಗಲ. ಗಡಿ ದಾಟಿದ ಕೂಡಲೇ ರೆಶೆನ್ ಸರೋವರ. ನೀರಿನ ನಡುವೆ ಒಂದು ಚರ್ಚಿನ ಗೋಪುರ ಮಾತ್ರ ನಿಂತಿದೆ. 1950ರಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿದಾಗ ಗ್ರೌನ್ ಎಂಬ ಊರು ಮುಳುಗಿತು, 14ನೇ ಶತಮಾನದ ಗೋಪುರ ಉಳಿಯಿತು. ನಮ್ಮ ಮಾವ ಲಿಂಗನಮಕ್ಕಿ ಹಿನ್ನೀರಿನ ಕಡೆಯವರು. ಅಲ್ಲಿ ಇಳಿದವರು ಬಹಳ ಹೊತ್ತು ಮಾತಾಡಲಿಲ್ಲ. ಅಲ್ಲಿ ಅರ್ಧ ಗಂಟೆಯಾದರೂ ನಿಲ್ಲಿ.

ಫರ್ನ್‌ಪಾಸ್‌ನಲ್ಲಿ ರಸ್ತೆ ಎರಡೇ ಲೇನ್. ಶನಿವಾರ ಅಲ್ಲಿ ಹೋದರೆ ಗಂಟೆಗಟ್ಟಲೆ ಕಾಯಬೇಕಾಗಬಹುದು.

*ಸ್ಟೆಲ್ವಿಯೋ.* ರೆಶೆನ್‌ನಿಂದ ಇಳಿದು ಪ್ರಾಟೋ ಎಂಬ ಊರಿನಲ್ಲಿ ಬಲಕ್ಕೆ ತಿರುಗಿದರೆ ಇದರ ಬುಡ. ಆಸ್ಟ್ರಿಯಾ ಸಾಮ್ರಾಜ್ಯದ ಕಾಲದಲ್ಲಿ, 1820ರಿಂದ 1825ರ ನಡುವೆ, ಕಾರ್ಲೊ ಡೊನೆಗಾನಿ ಎಂಬ ಎಂಜಿನಿಯರ್ ಕಟ್ಟಿಸಿದ ರಸ್ತೆ. ನೆತ್ತಿ 2,757 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ 800 ಮೀಟರಿಗೂ ಹೆಚ್ಚು ಎತ್ತರ. ಪ್ರಾಟೋ ಕಡೆಯಿಂದ 48 ಹೇರ್‌ಪಿನ್ ತಿರುವುಗಳು, ಒಂದೊಂದಕ್ಕೂ ಕಲ್ಲಿನ ಮೇಲೆ ನಂಬರ್ ಇದೆ. ಬುಡದಲ್ಲಿ 48, ಮೇಲೆ ಹೋದಂತೆ ಇಳಿಯುತ್ತಾ ಬರುತ್ತದೆ. ಅಮ್ಮ ಒಂದೊಂದನ್ನೂ ಜೋರಾಗಿ ಓದುತ್ತಾ ಬಂದಿದ್ದರು. 25 ಕಿ.ಮೀ.ಯಲ್ಲಿ ಸುಮಾರು 1,800 ಮೀಟರ್ ಏರು.

ಆಗುಂಬೆ ಅಥವಾ ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿ ರಸ್ತೆಯಲ್ಲಿ ನೀವೇ ಗಾಡಿ ಓಡಿಸಿದ್ದರೆ ಇದು ನಿಮ್ಮಿಂದ ಆಗುತ್ತದೆ. ಓಡಿಸಿಲ್ಲ ಅಂದರೆ ಮೊದಲ ಘಾಟಿಯಾಗಿ ಇದನ್ನು ಆರಿಸಬೇಡಿ. ಪ್ರಾಟೋ ಕಡೆಯಿಂದ ಹತ್ತಿ ಬೋರ್ಮಿಯೋ ಕಡೆಗೆ ಇಳಿಯಿರಿ, ಉಲ್ಟಾ ಬೇಡ. 48 ತಿರುವು ಹತ್ತುವಾಗ ಕಣ್ಣಿಗೆ ಹಬ್ಬ. ಅದನ್ನೇ ಇಳಿಯುವಾಗ ಬ್ರೇಕಿಗೂ ಭುಜಕ್ಕೂ ಶಿಕ್ಷೆ. ಬೋರ್ಮಿಯೋದಲ್ಲಿ ರಾತ್ರಿ ಉಳಿದು ಮರುದಿನ ತಿರಾನೋ ಮೇಲೆ ಕೋಮೋ ಸರೋವರಕ್ಕೆ ಹೋಗಬಹುದು. ಬೇಸಿಗೆಯಲ್ಲಿ ಕೆಲವು ದಿನ ಸೈಕಲ್ಲಿನವರಿಗಾಗಿ ರಸ್ತೆಯನ್ನೇ ಕಾರುಗಳಿಗೆ ಮುಚ್ಚುತ್ತಾರೆ, ತಾರೀಖು ನೋಡಿಕೊಳ್ಳಿ.

*ಟಿಮ್ಮೆಲ್ಸ್‌ಯೋಖ್.* ಸೋಲ್ಡನ್ ಮೇಲೆ ಹತ್ತಿ ಮೆರಾನೊ ಕಡೆ ಇಳಿಯುತ್ತದೆ. 2,474 ಮೀಟರ್. ಟೋಲ್ ಇದೆ, ರಾತ್ರಿ ಗೇಟು ಹಾಕುತ್ತಾರೆ. ಇಟಲಿ ಕಡೆ ರಸ್ತೆ ಇಕ್ಕಟ್ಟು. ಒಳ್ಳೆಯ ದಾರಿಯೇ, ಆದರೆ ಒಂದೇ ಎತ್ತರದ ಘಾಟಿ ಆರಿಸಬೇಕು ಅಂದರೆ ನನ್ನ ಮತ ಮುಂದಿನದಕ್ಕೆ.

*ಗ್ರೋಸ್‌ಗ್ಲಾಕ್ನರ್.* ವೆನಿಸ್ ಕಡೆ ಹೋಗುವವರಿಗೆ, ಕುಟುಂಬ ಜೊತೆಗಿದ್ದರೆ, ಇದಕ್ಕಿಂತ ಒಳ್ಳೆಯ ನೋಡುವ ದಾರಿ ನಾನು ಕಂಡಿಲ್ಲ. 1935ರಲ್ಲಿ ತೆರೆದದ್ದು. 48 ಕಿ.ಮೀ., 36 ದೊಡ್ಡ ತಿರುವು. ಕಲ್ಹಟ್ಟಿಯಲ್ಲೂ 36 ಅಂತ ನಮ್ಮವರು ಎಣಿಸುತ್ತಾರಲ್ಲ, ಲೆಕ್ಕ ಒಂದೇ. ಆದರೆ ಇಲ್ಲಿ ರಸ್ತೆ ಅಗಲ, ತಿರುವುಗಳು ವಿಶಾಲ. ಶುರುವಿನಿಂದಲೂ ಜನ ನಿಂತು ನೋಡಲಿ ಎಂದೇ ಕಟ್ಟಿದ ರಸ್ತೆ. ಹಾಗಾಗಿ ದಾರಿಯುದ್ದಕ್ಕೂ ನಿಲ್ಲಿಸಲು ಜಾಗ, ಶೌಚಾಲಯ, ಹೋಟೆಲುಗಳಿವೆ. ದಾಟುವ ಜಾಗ ಹೋಖ್‌ಟೋರ್ 2,504 ಮೀಟರ್. ಒಂದು ಕವಲು ದಾರಿ ಕೈಸರ್ ಫ್ರಾನ್ಜ್ ಯೋಸೆಫ್ಸ್ ಹೋಹೆ ಎಂಬಲ್ಲಿಗೆ ಹೋಗುತ್ತದೆ. ಅಲ್ಲಿಂದ ಪಾಸ್ಟರ್ಜೆ ಹಿಮನದಿಯೂ 3,798 ಮೀಟರಿನ ಗ್ರೋಸ್‌ಗ್ಲಾಕ್ನರ್ ಶಿಖರವೂ ಎದುರಿಗೇ ಕಾಣುತ್ತವೆ. ಮಕ್ಕಳಿಗೆ ಮಾರ್ಮಟ್ ಎಂಬ ದಪ್ಪ ಅಳಿಲಿನಂಥ ಪ್ರಾಣಿ ಸಿಕ್ಕರೆ ಅವರು ಹಿಮನದಿಯನ್ನೇ ಮರೆತುಬಿಡುತ್ತಾರೆ.

ಕಾರಿಗೆ ಒಂದು ದಿನದ ಟೋಲ್ 40 ಯೂರೋ ದಾಟುತ್ತದೆ. ಜಾಸ್ತಿ ಅನ್ನಿಸಬಹುದು. ಇಡೀ ದಿನ ಅಲ್ಲೇ ಕಳೆಯುವುದಾದರೆ ನಾಲ್ಕು ಜನರ ಮನೆಗೆ ಅದು ಹೆಚ್ಚೇನಲ್ಲ. ಎರಡು ಗಂಟೆಯಲ್ಲಿ ದಾಟಿ ಹೋಗುವವರು ಸುಮ್ನೆ ಆ ದುಡ್ಡು ಕೊಡಬೇಡಿ. ಇಳಿದ ಮೇಲೆ ಹೈಲಿಗೆನ್‌ಬ್ಲುಟ್ ಅಥವಾ ಲಿಯೆನ್ಜ್‌ನಲ್ಲಿ ಉಳಿಯಿರಿ.

ಒಂದು ಘಾಟಿಗೆ ಒಂದು ಜೋಡಿ ದಾರಿ

ಇದು ನಾನು ಕಲಿತ ಪಾಠ. ಒಂದು ವರ್ಷ ಮೇ ಕೊನೆಯ ವಾರ ಅಪ್ಪ ಅಮ್ಮನ ಜೊತೆ ಒಂದು ಘಾಟಿಯ ಬುಡದವರೆಗೂ ಹೋದೆವು. ಬೋರ್ಡಿನಲ್ಲಿ ಕೆಂಪು. ಹಿಂದಿನ ರಾತ್ರಿ ಹಿಮ ಬಿದ್ದು ಮುಚ್ಚಿದ್ದರು. ನಾನು ಬೇರೆ ದಾರಿ ಯೋಚಿಸಿರಲಿಲ್ಲ. ಸುತ್ತಿ ಬಳಸಿ ಹೋಟೆಲ್ ಸೇರುವಾಗ ರಾತ್ರಿ ಹನ್ನೊಂದು. ಅಪ್ಪನ ಕಾಲು ಊದಿತ್ತು. ಅವರು ಏನೂ ಹೇಳಲಿಲ್ಲ, ಅದೇ ನನಗೆ ಜಾಸ್ತಿ ನೋವಾಯಿತು.

ಅಂದಿನಿಂದ ನಾನು ಎತ್ತರದ ಘಾಟಿಯನ್ನು ಆರಿಸುವುದೇ ಪಕ್ಕದಲ್ಲಿ ವರ್ಷವಿಡೀ ತೆರೆದಿರುವ ಇನ್ನೊಂದು ದಾರಿ ಇದ್ದರೆ ಮಾತ್ರ. ಎರಡೂ ಕಡೆಯಿಂದ ಹೋದರೂ ರಾತ್ರಿ ಒಂದೇ ಊರಿಗೆ ಸೇರುವಂತಿರಬೇಕು.

ಗ್ರೋಸ್‌ಗ್ಲಾಕ್ನರ್ ಮುಚ್ಚಿದ್ದರೆ ಅದರ ಉತ್ತರ ಬುಡದ ಹತ್ತಿರದ ಊರಾದ ಜೆಲ್ ಆಮ್ ಜೇಯಿಂದ ಪಶ್ಚಿಮಕ್ಕೆ ಮಿಟ್ಟರ್‌ಸಿಲ್‌ಗೆ ಹೋಗಿ. ಅಲ್ಲಿಂದ 5.3 ಕಿ.ಮೀ. ಉದ್ದದ ಫೆಲ್ಬರ್‌ಟೌವರ್ನ್ ಸುರಂಗ ಹಿಡಿದರೆ ಅದೇ ಲಿಯೆನ್ಜ್ ಸಿಗುತ್ತದೆ. ಟೋಲ್ ಇದೆ, ಗ್ರೋಸ್‌ಗ್ಲಾಕ್ನರ್‌ಗಿಂತ ಎಷ್ಟೋ ಕಡಿಮೆ. ಟಿಮ್ಮೆಲ್ಸ್‌ಯೋಖ್‌ಗೆ ಜೋಡಿ ಬ್ರೆನ್ನರ್, ಎರಡೂ ಮೆರಾನೊಗೆ ಮುಟ್ಟಿಸುತ್ತವೆ. ಸ್ಟೆಲ್ವಿಯೋಗೆ ಮಾತ್ರ ಹತ್ತಿರದ ಜೋಡಿ ಇಲ್ಲ. ಆದ್ದರಿಂದ ಅದು ಇರುವ ದಿನ ಪ್ರಾಟೋ ಆಸುಪಾಸಿನಲ್ಲೇ ಹಿಂದಿನ ರಾತ್ರಿ ಉಳಿದಿರಬೇಕು, ರದ್ದು ಮಾಡಿದರೆ ದುಡ್ಡು ವಾಪಸ್ ಕೊಡುವ ಹೋಟೆಲ್ ಬುಕ್ ಮಾಡಿರಬೇಕು.

ಸ್ವಿಟ್ಜರ್ಲೆಂಡ್ ಮೇಲೆ ಹೋಗುವವರಿಗೆ

ಇಂಟರ್‌ಲಾಕನ್ ಅಥವಾ ಲುಸರ್ನ್‌ನಲ್ಲಿ ಉಳಿದವರಿಗೆ ನೋಡುವ ದಿನ ಅಂದರೆ ಸುಸ್ಟೆನ್, ಫುರ್ಕಾ, ಗ್ರಿಮ್ಸೆಲ್ ಸುತ್ತು. ಇನ್ನರ್ಟ್‌ಕಿರ್ಖನ್‌ನಿಂದ ಹೊರಟು ಮೂರನ್ನೂ ದಾಟಿ ಅಲ್ಲಿಗೇ ಬರಲು ಸುಮಾರು 120 ಕಿ.ಮೀ. ಒಂದು ದಿನಕ್ಕೆ ಒಂದೇ ಘಾಟಿ ಅಂದೆನಲ್ಲ, ಅದಕ್ಕೆ ಇದೊಂದು ಅಪವಾದ. ಸಾಮಾನು ಹೋಟೆಲಿನಲ್ಲೇ ಇರುತ್ತದೆ, ಎಲ್ಲಿಗೂ ಸೇರಬೇಕಾದ ಆತುರ ಇಲ್ಲ. ಆದರೂ ಸುಸ್ತಾಯಿತು ಅನ್ನಿಸಿದರೆ ಆಂಡರ್‌ಮಾಟ್‌ನಲ್ಲಿ ನಿಂತುಬಿಡಿ. ಹತ್ತಿರದ ರೆಯಾಲ್ಪ್‌ನಿಂದ ಓಬರ್‌ವಾಲ್ಡ್‌ಗೆ ಕಾರನ್ನೇ ಹತ್ತಿಸಿಕೊಂಡು ಫುರ್ಕಾ ಬೆಟ್ಟದ ಅಡಿಯಲ್ಲಿ ಹೋಗುವ ರೈಲಿದೆ. ನೀವು ಕಾರಿನೊಳಗೇ ಕೂತಿರುತ್ತೀರಿ. ಕಾಂಡರ್‌ಸ್ಟೆಗ್‌ನಿಂದ ಗೊಪ್ಪನ್‌ಸ್ಟೈನ್‌ಗೂ ಇಂಥದ್ದೇ ಇದೆ, ಆ ಲೋಟ್ಶ್‌ಬೆರ್ಗ್ ಸುರಂಗ 1913ರಿಂದ ರೈಲು ಓಡಿಸುತ್ತಿದೆ. ಮಕ್ಕಳಿಗೆ ಇದೇ ಒಂದು ಆಟ.

ಇಟಲಿಗೆ ಬೇಗ ಇಳಿಯಲು ಗೊಟ್ಟಾರ್ಡ್ ಸುರಂಗ. 16.9 ಕಿ.ಮೀ., 1980ರಲ್ಲಿ ತೆರೆದದ್ದು, ಒಂದೇ ಕೊಳವೆ, ಎದುರು ಬದುರು ಗಾಡಿ. ಈಸ್ಟರ್ ಮತ್ತು ಬೇಸಿಗೆ ವಾರಾಂತ್ಯಗಳಲ್ಲಿ ಎರಡೂ ಬಾಯಲ್ಲಿ ಉದ್ದ ಸಾಲು. ಒಂದು ಕಿ.ಮೀ. ಸಾಲಿಗೆ ಹತ್ತು ನಿಮಿಷ ಅನ್ನುವುದು ಅಲ್ಲಿನ ಲೆಕ್ಕ. ಹತ್ತು ಕಿ.ಮೀ. ಅಂದರೆ 100 ನಿಮಿಷ. ಅಂಥ ದಿನ ಪೂರ್ವಕ್ಕೆ ಸರಿದು ಸಾನ್ ಬೆರ್ನಾರ್ದಿನೋ ಹಿಡಿಯಿರಿ. ಅಲ್ಲಿ 6.6 ಕಿ.ಮೀ. ಸುರಂಗ ಇದೆ. ಬೇಸಿಗೆಯಾದರೆ ಹಳೆಯ ಗೊಟ್ಟಾರ್ಡ್ ಘಾಟಿಯ ಮೇಲೇ ಹೋಗಬಹುದು, 2,106 ಮೀಟರ್, ಟೋಲ್ ಇಲ್ಲ.

ಸಮಯ ಹಾಕುವ ಕ್ರಮ

ಘಾಟಿ ರಸ್ತೆಯಲ್ಲಿ ನಾನು ಗಂಟೆಗೆ 35 ಕಿ.ಮೀ. ಅಂತ ಲೆಕ್ಕ ಹಾಕುತ್ತೇನೆ. ಬೋರ್ಡು 80 ಅಂದರೂ ಹೋಗಲು ಆಗುವುದಿಲ್ಲ. ಅದರ ಮೇಲೆ ನಿಲ್ಲಲು ಒಂದೂವರೆ ಗಂಟೆ, ಊಟಕ್ಕೆ ಒಂದು ಗಂಟೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಹಾಗಾಗಿ ನೆತ್ತಿಯಲ್ಲಿ ಹನ್ನೊಂದು ಗಂಟೆಗೆ ಇರುವಂತೆ ಹೊರಡಿ, ಮೂರಕ್ಕೆ ಕೆಳಗೆ ಇಳಿದಿರಿ.

ಬುತ್ತಿ ಕಟ್ಟಿಕೊಳ್ಳಿ. ಚಪಾತಿ ಚಟ್ನಿಪುಡಿ ಇದ್ದರೆ ಯಾವ ನೆತ್ತಿಯಲ್ಲೂ ಚಿಂತೆ ಇಲ್ಲ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ನಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತಂದಿಟ್ಟುಕೊಳ್ಳಿ. ವಾಕರಿಕೆ ಬರುವವರು ಮುಂದೆ ಕೂರಲಿ, ಫೋನ್ ನೋಡದಿರಲಿ. ಹೃದಯದ ಅಥವಾ ಉಸಿರಿನ ತೊಂದರೆ ಇರುವ ಹಿರಿಯರು ಈ ಎತ್ತರಕ್ಕೆ ಬರುವ ಮೊದಲು ಊರಿನಲ್ಲೇ ತಮ್ಮ ವೈದ್ಯರನ್ನು ಒಂದು ಮಾತು ಕೇಳಲಿ.

ಕಾಗದ, ಕಾರು, ಟೋಲ್

ಊರಿನಿಂದ ಹೊರಡುವ ಮೊದಲು ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಅದರ ಜೊತೆ ಮೂಲ ಲೈಸೆನ್ಸೂ ಕೈಯಲ್ಲಿರಬೇಕು.

ಕಾರು ಬುಕ್ ಮಾಡುವಾಗಲೇ ಯಾವ ಯಾವ ದೇಶಕ್ಕೆ ಹೋಗುತ್ತೀರಿ ಅಂತ ಬರೆದು ಕೇಳಿ. ಕೆಲವು ಬಾಡಿಗೆ ಕಂಪನಿಗಳು ಗಡಿ ದಾಟಲು ಹೆಚ್ಚು ಹಣ ಕೇಳುತ್ತವೆ, ಕೆಲವು ದುಬಾರಿ ಕಾರುಗಳನ್ನು ಕೆಲವು ದೇಶಗಳಿಗೆ ಬಿಡುವುದೇ ಇಲ್ಲ. ಆಟೊಮ್ಯಾಟಿಕ್ ಬೇಕು ಅಂತ ಹೇಳಿ. ಬಲಗೈಯಲ್ಲಿ ಗೇರ್, ರಸ್ತೆಯ ಬಲಭಾಗ, ಹೇರ್‌ಪಿನ್, ಮೂರನ್ನೂ ಒಟ್ಟಿಗೆ ಕಲಿಯುವುದು ಬೇಡ. ಮೂರು ಸೂಟ್‌ಕೇಸ್ ಇದೆ ಅಂತ ದೊಡ್ಡ ವ್ಯಾನ್ ತಗೊಂಡರೆ ಇಕ್ಕಟ್ಟಿನ ತಿರುವುಗಳಲ್ಲಿ ಪೇಚಾಟ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್‌ನಲ್ಲಿ 12 ವರ್ಷದೊಳಗಿನ, 150 ಸೆಂ.ಮೀ.ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ.

ಟೋಲ್ ವ್ಯವಸ್ಥೆ ಒಂದೊಂದು ದೇಶದಲ್ಲಿ ಒಂದೊಂದು ಥರ. ಜರ್ಮನಿಯ ಹೆದ್ದಾರಿಗಳಲ್ಲಿ ಕಾರಿಗೆ ಟೋಲ್ ಇಲ್ಲ. ಆಸ್ಟ್ರಿಯಾ ಹೆದ್ದಾರಿಗೆ ವಿನ್ಯೆಟ್ ಎಂಬ ಪಾಸು ಬೇಕು. ಒಂದು ದಿನ, ಹತ್ತು ದಿನ, ಎರಡು ತಿಂಗಳು, ಒಂದು ವರ್ಷ ಹೀಗೆ ಸಿಗುತ್ತದೆ. ಬ್ರೆನ್ನರ್ ಹೆದ್ದಾರಿಗೆ ಅದರ ಬದಲು ಬೇರೆ ಟೋಲ್. ಸ್ವಿಟ್ಜರ್ಲೆಂಡ್‌ನಲ್ಲಿ ವಾರಕ್ಕೋ ತಿಂಗಳಿಗೋ ಸಿಗುವುದಿಲ್ಲ, ಇಡೀ ವರ್ಷದ್ದು 40 ಫ್ರಾಂಕ್. ಈಗ ಇವು ಕಾರಿನ ನಂಬರಿಗೆ ಜೋಡಿಸಿ ಆನ್‌ಲೈನ್‌ನಲ್ಲಿ ಸಿಗುತ್ತವೆ. ಬಾಡಿಗೆ ಕಾರಿನ ನಂಬರ್ ಕೈಗೆ ಬಂದ ಮೇಲೆ, ಗಡಿಗೆ ಮೊದಲು ಕೊಳ್ಳಿ. ಆಯಾ ಸರ್ಕಾರದ ಅಧಿಕೃತ ತಾಣದಲ್ಲೇ ಕೊಳ್ಳಿ, ನಡುವೆ ದಲ್ಲಾಳಿ ತಾಣಗಳು ಜಾಸ್ತಿ ಹಣ ತಗೊಳ್ಳುತ್ತವೆ. ಇಟಲಿಯಲ್ಲಿ ಹೆದ್ದಾರಿಗೆ ಸೇರುವಾಗ ಚೀಟಿ, ಬಿಡುವಾಗ ಹಣ. ಹಳದಿಯಲ್ಲಿ ಟೆಲಿಪಾಸ್ ಅಂತ ಇರುವ ಸಾಲಿಗೆ ಮಾತ್ರ ಹೋಗಬೇಡಿ. ಇಟಲಿಯ ಹಳೆ ಊರುಗಳ ಒಳಗೆ ಕೆಂಪು ಸುತ್ತಿನ ಬಿಳಿ ಬೋರ್ಡು ಕಂಡರೆ ಅಲ್ಲೇ ನಿಲ್ಲಿಸಿ. ಒಳಗೆ ಹೋದರೆ ಕ್ಯಾಮೆರಾ ಹಿಡಿಯುತ್ತದೆ, ತಿಂಗಳುಗಳ ಮೇಲೆ ದಂಡದ ಕಾಗದ ಬರುತ್ತದೆ.

ಇಂಧನ ಬುಡದಲ್ಲೇ ತುಂಬಿಸಿ. ಇಟಲಿಯಲ್ಲಿ ಬೆಂಜಿನಾ ಅಂದರೆ ಪೆಟ್ರೋಲ್, ಗಸೋಲಿಯೊ ಅಂದರೆ ಡೀಸೆಲ್. ಟ್ಯಾಂಕಿನ ಮುಚ್ಚಳದ ಒಳಗೆ ಯಾವುದು ಅಂತ ಬರೆದಿರುತ್ತದೆ, ಫೋಟೊ ತೆಗೆದಿಟ್ಟುಕೊಳ್ಳಿ.

ತಿರುವಿನಲ್ಲಿ

ಕಾರು ತಗೊಂಡ ದಿನವೇ ಘಾಟಿ ಹತ್ತಬೇಡಿ. ಒಂದು ದಿನವಾದರೂ ಬಯಲಿನಲ್ಲಿ ಬಲಗಡೆ ಓಡಿಸಿ ಕೈ ಕೂರಿಸಿ. ನಮ್ಮ ಘಾಟಿಗಳಲ್ಲಿ ಎಡ ತಿರುವು ಇಕ್ಕಟ್ಟು, ಅಲ್ಲಿ ಬಲ ತಿರುವು ಇಕ್ಕಟ್ಟು. ತಿರುವಿಗೆ ಮೊದಲೇ ವೇಗ ಇಳಿಸಿ, ನಿಮ್ಮ ಲೇನಿನಲ್ಲೇ ಇರಿ, ಮುಂದಿನ ತಿರುವಿನಿಂದ ಬಸ್ ಬರುತ್ತಿದೆಯಾ ಅಂತ ಮೇಲೆ ನೋಡಿ.

ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರಬೇಡಿ. ಆಟೊಮ್ಯಾಟಿಕ್‌ನಲ್ಲೂ ಗೇರ್ ಕೈಯಿಂದ ಇಳಿಸುವ ವ್ಯವಸ್ಥೆ ಇರುತ್ತದೆ, ಎರಡು ಅಥವಾ ಮೂರಕ್ಕೆ ಹಾಕಿ ಎಂಜಿನ್ನಿಂದಲೇ ತಡೆಯಿರಿ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ, ನೀರು ಹಾಕಬೇಡಿ.

ಇಕ್ಕಟ್ಟಿನ ಜಾಗದಲ್ಲಿ ಹತ್ತುವವರಿಗೆ ದಾರಿ ಬಿಡಬೇಕು, ನಮ್ಮಲ್ಲೂ ಅದೇ ನಿಯಮ. ಸ್ವಿಟ್ಜರ್ಲೆಂಡ್‌ನಲ್ಲಿ ನೀಲಿ ಬೋರ್ಡಿನ ಮೇಲೆ ಹಳದಿ ಕೊಂಬು ಕಂಡರೆ ಅದು ಅಂಚೆ ಬಸ್ಸಿನ ದಾರಿ. ಹಳದಿ ಬಸ್ಸಿನವರು ಮೂರು ಸ್ವರದ ಹಾರ್ನ್ ಹೊಡೆಯುತ್ತಾ ಬರುತ್ತಾರೆ. ಹಿಂದಕ್ಕೆ ಹೋಗು ಅಂತ ಅವರು ಕೈ ಮಾಡಿದರೆ ಹೋಗಲೇಬೇಕು. ಹಿಂದೆ ಮೂರು ನಾಲ್ಕು ಗಾಡಿ ಸೇರಿದರೆ ಜಾಗ ಸಿಕ್ಕಲ್ಲಿ ಪಕ್ಕಕ್ಕೆ ನಿಂತು ಬಿಡಿ, ಅವರು ಕೈ ಎತ್ತಿ ನಮಸ್ಕರಿಸಿ ಹೋಗುತ್ತಾರೆ. ಜರ್ಮನಿ, ಆಸ್ಟ್ರಿಯಾ ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತರೆ ಎಡ ಲೇನಿನವರು ಎಡಕ್ಕೆ, ಉಳಿದವರು ಬಲಕ್ಕೆ ಒತ್ತಿ ನಡುವೆ ಆಂಬುಲೆನ್ಸಿಗೆ ದಾರಿ ಬಿಡಬೇಕು. ತುರ್ತಿಗೆ ಎಲ್ಲ ದೇಶದಲ್ಲೂ 112.

ಹೊರಡುವ ಬೆಳಗ್ಗೆ

ಹಿಂದಿನ ರಾತ್ರಿ ನೋಡಿದ್ದು ಸಾಲದು, ಬೆಳಗ್ಗೆ ಕಾಫಿ ಕುಡಿಯುವಾಗ ಮತ್ತೆ ನೋಡಿ. ಹೆಚ್ಚಿನ ಘಾಟಿಗಳ ನೆತ್ತಿಯಲ್ಲಿ ವೆಬ್‌ಕ್ಯಾಮ್ ಇದೆ. ಜರ್ಮನಿಯ ಎಡಿಎಸಿ, ಆಸ್ಟ್ರಿಯಾದ ಒಎಎಂಟಿಸಿ, ಸ್ವಿಟ್ಜರ್ಲೆಂಡ್‌ನ ಟಿಸಿಎಸ್ ಎಂಬ ವಾಹನ ಸಂಘಗಳು ಯಾವುದು ತೆರೆದಿದೆ ಅಂತ ಹೇಳುತ್ತವೆ. ವೆಬ್‌ಕ್ಯಾಮ್‌ನಲ್ಲಿ ಬರೀ ಬಿಳಿ ಮೋಡ ಕಂಡರೆ, ರಸ್ತೆ ತೆರೆದಿದ್ದರೂ ಅಷ್ಟು ಟೋಲ್ ಕೊಟ್ಟು ಮೇಲೆ ಹೋಗಬೇಡಿ. ಮೋಡದೊಳಗೆ ಏನೂ ಕಾಣುವುದಿಲ್ಲ. ಎರಡು ಗಂಟೆ ಕಾಯಿರಿ, ಇಲ್ಲವೇ ಜೋಡಿ ದಾರಿ ಹಿಡಿಯಿರಿ.

ಘಾಟಿಯ ಬುಡದ ಊರಿನಲ್ಲಿ ದೊಡ್ಡ ಬೋರ್ಡ್ ಇರುತ್ತದೆ. ಜರ್ಮನ್‌ನಲ್ಲಿ 'ಓಫನ್' ಅಂದರೆ ತೆರೆದಿದೆ, 'ಗೆಶ್ಲೋಸನ್' ಅಥವಾ 'ಗೆಶ್‌ಪೆರ್ಟ್' ಅಂದರೆ ಮುಚ್ಚಿದೆ. ಇಟಾಲಿಯನ್‌ನಲ್ಲಿ 'ಅಪೆರ್ತೊ' ಮತ್ತು 'ಕ್ಯೂಸೊ'. 'ವಿಂಟರ್‌ಸ್ಪೆರ್ರೆ' ಅಂತ ಕಂಡರೆ ಅದು ಚಳಿಗಾಲದ ಬೀಗ, ಆ ದಿನ ತೆಗೆಯುವುದಿಲ್ಲ. ಗೇಟಿನ ಹತ್ತಿರ ಹೋಗಿ ಕೇಳೋಣ ಅನ್ನುವ ಯೋಚನೆ ಬೇಡ. ಅಲ್ಲೇ ಕಾರು ತಿರುಗಿಸಿ, ಜೋಡಿ ದಾರಿಯ ಊರಿನ ಹೆಸರು ಫೋನಿಗೆ ಹಾಕಿ, ರಾತ್ರಿ ಉಳಿಯುವ ಹೋಟೆಲಿಗೆ ಸ್ವಲ್ಪ ತಡವಾಗಬಹುದು ಅಂತ ಫೋನ್ ಮಾಡಿ ಹೊರಡಿ.